ಗುಂಡು ಬಿತ್ತು, ದೀಪ ಯಾಕೆ ಹತ್ತಲಿಲ್ಲ?

ಒಂದು ಹಲಗೆ, ಒಂದು ಹಿಡಿ ಮೊಳೆ, ಸೈಕಲ್ ಶಾಪಿನಿಂದ ಕೇಳಿ ತಂದ ಬೇರಿಂಗ್ ಗುಂಡು, ಗೋಡೆ ಗಡಿಯಾರಕ್ಕೆ ಹಾಕುವಂಥ ಎರಡು ಸೆಲ್ಲು, ನಾಲ್ಕು ಪುಟ್ಟ ಬಿಳಿ ಎಲ್‌ಇಡಿ, ಒಂದಿಷ್ಟು ತಂತಿ. ಇಷ್ಟಿದ್ದರೆ ನಮ್ಮ ಕೋಲಾರ ಜಿಲ್ಲೆಯ ಸುಗಟೂರಿನ ಯಾವ ಮನೆಯ ಜಗಲಿ ಮೇಲಾದರೂ ಪಿನ್‌ಬಾಲ್ ಆಡಬಹುದು. ಹಲಗೆಯ ಒಂದು ತುದಿಗೆ ಇಟ್ಟಿಗೆ ಚೂರು ಕೊಟ್ಟು ಇಳಿಜಾರು ಮಾಡಿ. ಗುಂಡನ್ನು ಮೇಲಕ್ಕೆ ಚಿಮ್ಮಿಸಿದರೆ ಅದು ಮೊಳೆಯಿಂದ ಮೊಳೆಗೆ ಬಡಿದುಕೊಂಡು ಇಳಿದು ಬಂದು ಯಾವುದೋ ಒಂದು ಗೂಡಿಗೆ ಬೀಳುತ್ತದೆ. ಪ್ರತಿ ಗೂಡಿನಲ್ಲೂ ಅಕ್ಕಪಕ್ಕ ಎರಡು ಮೊಳೆ ಇರುತ್ತವೆ. ನಡುವಿನ ಜಾಗ ಗುಂಡಿನ ಅಗಲಕ್ಕಿಂತ ಕೊಂಚ ಕಡಿಮೆ. ಉಕ್ಕಿನ ಗುಂಡು ಎರಡಕ್ಕೂ ತಾಗಿ ಕೂತರೆ ಕರೆಂಟಿಗೆ ದಾರಿಯಾಯಿತು, ಆ ಗೂಡಿನ ದೀಪ ಹತ್ತಿತು. ಇಲ್ಲಿ ಗುಂಡೇ ಸ್ವಿಚ್ಚು.

ಮೊಳೆ ಹೊಡೆದ ಹಲಗೆಯ ಮೇಲೆ ಗುಂಡು ಉರುಳಿಸುವ ಬ್ಯಾಗಟೆಲ್ ಆಟ ಹದಿನೆಂಟನೇ ಶತಮಾನದ ಫ್ರಾನ್ಸಿನದು. 1871ರಲ್ಲಿ ಅಮೆರಿಕದಲ್ಲಿ ಮಾಂಟೆಗ್ಯೂ ರೆಡ್‌ಗ್ರೇವ್ ಎಂಬುವವರು ಗುಂಡನ್ನು ತಳ್ಳಲು ಸ್ಪ್ರಿಂಗ್ ಸೇರಿಸಿದರು. 1933ರಲ್ಲಿ ಹ್ಯಾರಿ ವಿಲಿಯಮ್ಸ್ 'ಕಾಂಟ್ಯಾಕ್ಟ್' ಎಂಬ ಯಂತ್ರ ಮಾಡಿ ಆಟಕ್ಕೆ ಕರೆಂಟು ತಂದರು. ಗುಂಡು ಕುಳಿಗೆ ಬಿದ್ದರೆ ಒಂದು ಕಾಯಿಲ್, ಅಂದರೆ ತಂತಿಯ ಸುರುಳಿ, ಅದನ್ನು ಒದ್ದು ಹೊರಗೆಸೆಯುತ್ತಿತ್ತು. ಆ ಯಂತ್ರಕ್ಕೂ ಶಕ್ತಿ ಕೊಟ್ಟಿದ್ದು ಸೆಲ್ಲುಗಳೇ. ಗುಂಡಿ ಒತ್ತಿದರೆ ಗುಂಡನ್ನು ತಿರುಗಿ ಹೊಡೆಯುವ ಪುಟ್ಟ ಕೈಗಳು, ಅಂದರೆ ಫ್ಲಿಪ್ಪರ್‌ಗಳು, ಬಂದದ್ದು 1947ರಲ್ಲಿ, 'ಹಂಪ್ಟಿ ಡಂಪ್ಟಿ' ಎಂಬ ಯಂತ್ರದಲ್ಲಿ. ಇಂಥ ದೊಡ್ಡ ಯಂತ್ರಗಳನ್ನು ಮನೆಯಲ್ಲಿಟ್ಟುಕೊಂಡು ತಾವೇ ರಿಪೇರಿ ಮಾಡಿಕೊಳ್ಳುವವರು ಜಗತ್ತಿನ ಹಲವು ಕಡೆ ಇದ್ದಾರೆ. ಅವರು ಕೆಟ್ಟದ್ದನ್ನು ಹುಡುಕುವ ಬಗೆಯನ್ನು ನಾವು ನಮ್ಮ ಹಲಗೆಯ ಮೇಲೆಯೇ ಕಲಿಯಬಹುದು.

ಈಗ ಗುಂಡು ಗೂಡಿಗೆ ಬಿತ್ತು, ದೀಪ ಹತ್ತಲಿಲ್ಲ ಅಂದುಕೊಳ್ಳಿ. ಏನು ಮಾಡ್ತೀರಿ?

ಹೆಚ್ಚಿನವರು ಹಲಗೆಗೆ ಒಂದೇಟು ಕೊಡುತ್ತಾರೆ, ಇಲ್ಲವೇ ಎಲ್ಲ ತಂತಿಗಳನ್ನೂ ಹಿಡಿದು ಅಲ್ಲಾಡಿಸುತ್ತಾರೆ. ಕೆಲವೊಮ್ಮೆ ದೀಪ ಹತ್ತಿಯೂ ಬಿಡುತ್ತದೆ. ನನಗೆ ಅದು ಸರಿಕಾಣುವುದಿಲ್ಲ. ಯಾಕೆಂದರೆ ದೋಷ ಎಲ್ಲಿತ್ತು ಎಂದು ಗೊತ್ತಾಗದೆ ಹೋಯಿತು, ಅದು ನಾಳೆ ಮತ್ತೆ ಬರುತ್ತದೆ. ಕೆಟ್ಟ ಯಂತ್ರ ಕೆಟ್ಟಿರುವಷ್ಟು ಹೊತ್ತು ನಮಗೆ ಸುಳಿವು ಕೊಡುತ್ತಿರುತ್ತದೆ. ಮುಟ್ಟುವ ಮೊದಲು ಸುಮ್ಮನೆ ನೋಡಿ. ಒಂದೇ ದೀಪ ಹತ್ತುತ್ತಿಲ್ಲವೋ, ನಾಲ್ಕೂ ಹತ್ತುತ್ತಿಲ್ಲವೋ? ಪೂರ್ತಿ ಸತ್ತಿದೆಯೋ, ಮಂಕಾಗಿ ಉರಿಯುತ್ತಿದೆಯೋ? ಯಾವುದಾದರೂ ತಂತಿ ಬೆಚ್ಚಗಾಗಿದೆಯೋ? ನಾಲ್ಕೂ ಹತ್ತದಿದ್ದರೆ ದೋಷ ನಾಲ್ಕಕ್ಕೂ ಸೇರಿದ ಜಾಗದಲ್ಲಿರಬೇಕು: ಸೆಲ್ಲು, ಸೆಲ್ಲಿನ ಡಬ್ಬಿ, ಅಲ್ಲಿಂದ ಹೊರಡುವ ತಂತಿ. ಒಂದೇ ಹತ್ತದಿದ್ದರೆ ಸೆಲ್ಲಿನ ಮೇಲೆ ಅನುಮಾನ ಬೇಡ, ಆ ಒಂದು ಗೂಡಿನ ಮೊಳೆ, ಬೆಸುಗೆ, ದೀಪಗಳನ್ನಷ್ಟೇ ನೋಡಿದರೆ ಸಾಕು. ಕೈ ಹಾಕದೆಯೇ ಹುಡುಕುವ ಕೆಲಸ ಎಷ್ಟು ಕಡಿಮೆಯಾಯಿತು ನೋಡಿ!

ಕರೆಂಟಿನ ಒಂದು ಗುಣ ಮೊದಲು ಮನಸ್ಸಿಗೆ ಇಳಿಯಬೇಕು. ಕೆರೆಯ ಕಾಲುವೆ ನಡುವೆ ಒಡೆದರೆ ಒಡೆದ ಜಾಗದಿಂದ ಮೇಲಿನ ಗದ್ದೆಗೆ ನೀರು ಬರುತ್ತದೆ, ಕೆಳಗಿನ ಗದ್ದೆಗೆ ಬರುವುದಿಲ್ಲ. ಕರೆಂಟು ಹಾಗಲ್ಲ. ಸೆಲ್ಲಿನ ಪ್ಲಸ್ ತುದಿಯಿಂದ ಹೊರಟು, ತಂತಿ, ಮೊಳೆ, ಗುಂಡು, ಇನ್ನೊಂದು ಮೊಳೆ, ದೀಪ ಎಲ್ಲ ದಾಟಿ, ಮೈನಸ್ ತುದಿಗೆ ವಾಪಸು ಬರುವ ಪೂರ್ತಿ ಸುತ್ತು ಇದ್ದರೆ ಮಾತ್ರ ಅದು ಹರಿಯುತ್ತದೆ. ಸುತ್ತಿನಲ್ಲಿ ಎಲ್ಲಿ ಕಡಿದರೂ ಎಲ್ಲ ಕಡೆಯೂ ಒಟ್ಟಿಗೇ ನಿಲ್ಲುತ್ತದೆ. ದೀಪ ದಾಟಿದ ಮೇಲಿನ ತಂತಿ ಕಡಿದಿದ್ದರೂ ದೀಪ ಹತ್ತುವುದಿಲ್ಲ. 'ದೀಪದವರೆಗೆ ತಂತಿ ಸರಿಯಾಗಿದೆಯಲ್ಲ, ಮತ್ಯಾಕೆ?' ಎಂದು ತಲೆ ಕೆರೆದುಕೊಳ್ಳುವವರು ವಾಪಸು ಬರುವ ದಾರಿಯನ್ನು ಮರೆತಿರುತ್ತಾರೆ.

ಕಡಿದ ಜಾಗ ಹುಡುಕಲು ಇನ್ನೊಂದು ಎಲ್‌ಇಡಿಯ ಎರಡು ಕಾಲಿಗೂ ಗೇಣುದ್ದದ ತಂತಿ ಕಟ್ಟಿಕೊಳ್ಳಿ. ಎಲ್‌ಇಡಿಯ ಉದ್ದ ಕಾಲು ಪ್ಲಸ್ ಕಡೆ, ಗಿಡ್ಡ ಕಾಲು ಮೈನಸ್ ಕಡೆ ಇರಬೇಕು. ಉಲ್ಟಾ ಹಾಕಿದರೆ ಹತ್ತುವುದಿಲ್ಲ. ಹೊಸ ಹಲಗೆಯಲ್ಲಿ ಮೊದಲು ನೋಡಬೇಕಾದ ದೋಷವೂ ಇದೇ. ಈಗ ಗುಂಡನ್ನು ಗೂಡಿನಲ್ಲಿ ಕೂರಿಸಿ. ಪರೀಕ್ಷೆ ದೀಪದ ಗಿಡ್ಡ ಕಾಲಿನ ತಂತಿಯನ್ನು ಸೆಲ್ಲಿನ ಮೈನಸ್ಸಿಗೆ ಹಿಡಿದುಕೊಳ್ಳಿ, ಉದ್ದ ಕಾಲಿನ ತಂತಿಯನ್ನು ದಾರಿಯುದ್ದಕ್ಕೂ ಮುಟ್ಟಿಸುತ್ತಾ ಹೋಗಿ. ಸೆಲ್ಲಿನ ಪ್ಲಸ್ಸಿನಲ್ಲಿ ಹತ್ತಿತೇ? ಮೊದಲ ಮೊಳೆಯಲ್ಲಿ? ಎರಡನೇ ಮೊಳೆಯಲ್ಲಿ? ಗೂಡಿನ ದೀಪದ ಉದ್ದ ಕಾಲಿನಲ್ಲಿ? ಎಲ್ಲಿಯವರೆಗೆ ಹತ್ತಿ ಎಲ್ಲಿ ಆರಿತೋ ಆ ಎರಡರ ನಡುವೆ ದೋಷವಿದೆ. ಕೊನೆಯ ಜಾಗದಲ್ಲೂ ಹತ್ತಿತು, ಆದರೆ ಗೂಡಿನ ದೀಪ ಮಾತ್ರ ಹತ್ತುತ್ತಿಲ್ಲ ಎಂದರೆ ಆ ದೀಪವೇ ಹೋಗಿದೆ, ಇಲ್ಲವೇ ವಾಪಸು ದಾರಿ ಕಡಿದಿದೆ.

ಇಂಥ ಹಲಗೆಗಳಲ್ಲಿ ಹೆಚ್ಚಾಗಿ ಎರಡು ಮೊಳೆಗಳ ನಡುವೆಯೇ ಪರೀಕ್ಷೆ ದೀಪ ಆರುತ್ತದೆ, ಅಂದರೆ ಗುಂಡಿನ ಜಾಗದಲ್ಲಿ. ನೋಡಿದರೆ ಗುಂಡು ಎರಡಕ್ಕೂ ತಾಗಿಯೇ ಕೂತಿರುತ್ತದೆ! ಆದರೆ ದುಂಡಗಿನ ಗುಂಡು ದುಂಡಗಿನ ಮೊಳೆಗೆ ತಾಗುವುದು ಸೂಜಿ ಮೊನೆಯಷ್ಟು ಜಾಗದಲ್ಲಿ. ಆ ಚೂರು ಜಾಗದಲ್ಲಿ ಬೇರಿಂಗಿನ ಗ್ರೀಸು, ಬೆರಳ ಬೆವರು, ತೆಳುವಾದ ತುಕ್ಕಿನ ಪದರ ಇದ್ದರೆ 3 ವೋಲ್ಟಿನ ಸಣ್ಣ ಒತ್ತಡಕ್ಕೆ ಅದನ್ನು ದಾಟಲು ಆಗುವುದಿಲ್ಲ. ಗುಂಡನ್ನು ಬಟ್ಟೆಯಲ್ಲಿ ಚೆನ್ನಾಗಿ ಒರೆಸಿ, ಮೊಳೆಗಳನ್ನು ಉಪ್ಪು ಕಾಗದದಲ್ಲಿ ಬೆಳ್ಳಗಾಗುವಂತೆ ಉಜ್ಜಿ. ದೊಡ್ಡ ಪಿನ್‌ಬಾಲ್ ಯಂತ್ರದಲ್ಲಿ ಗುಂಡು ತಾಗಿದರೆ ಬಾಗುವ ತೆಳು ತಗಡಿನ ಸ್ವಿಚ್ಚುಗಳಿರುತ್ತವೆ. ಅವುಗಳ ತುದಿಗೆ ಒಳ್ಳೆಯ ಲೋಹದ ಲೇಪ ಇರುವುದರಿಂದ ಅಲ್ಲಿ ಉಪ್ಪು ಕಾಗದ ಹಾಕಬಾರದು, ಲೇಪವೇ ಕಿತ್ತುಬಿಡುತ್ತದೆ. ಎರಡು ತುದಿಗಳ ನಡುವೆ ಬಿಳಿ ರಟ್ಟಿನ ಚೂರು ಇಟ್ಟು, ಮೆಲ್ಲಗೆ ಒತ್ತಿ ಹಿಡಿದು, ಎಳೆದು ತೆಗೆದರೆ ಸಾಕು. ರಟ್ಟಿನ ಮೇಲೆ ಕಪ್ಪು ಗೆರೆ ಮೂಡಿರುತ್ತದೆ.

ಸೆಲ್ಲಿನ ವಿಷಯದಲ್ಲಿ ಒಂದು ಎಚ್ಚರಿಕೆ ಹೇಳಬೇಕು. ಶಾಲೆಯಲ್ಲಿ ಮೀಟರ್ ಇದ್ದರೆ ಹಳೆಯ ಸೆಲ್ಲನ್ನು ಅಳೆದು ನೋಡಿ. ಸುಮ್ಮನೆ ಇಟ್ಟ ಸೆಲ್ಲು 1.4 ವೋಲ್ಟ್ ತೋರಿಸಬಹುದು. ಹೊಸದು ಸುಮಾರು 1.5 ವೋಲ್ಟ್ ತಾನೇ, ಇದೂ ಚೆನ್ನಾಗಿದೆ ಅನ್ನಿಸುತ್ತದೆ. ಅದಕ್ಕೆ ಟಾರ್ಚಿನ ಬಲ್ಬು ಜೋಡಿಸಿ, ಬಲ್ಬು ಉರಿಯುತ್ತಿರುವಾಗಲೇ ಅಳೆದರೆ ಮುಳ್ಳು ಜರ್ರನೆ ಕೆಳಗಿಳಿಯುತ್ತದೆ. ಸೆಲ್ಲು ಹಳೆಯದಾದಂತೆ ಅದರ ಒಳಗೇ ಕರೆಂಟಿಗೆ ತಡೆ ಬೆಳೆಯುತ್ತದೆ. ಕೆಲಸ ಮಾಡಿಸಿದಾಗಲೇ ಅದು ಬಯಲಾಗುವುದು. ಬಿಳಿ ಎಲ್‌ಇಡಿಗೆ ಹೆಚ್ಚುಕಡಿಮೆ 3 ವೋಲ್ಟ್ ಬೇಕು. ಹಾಗಾಗಿಯೇ 1.2 ವೋಲ್ಟಿನ ಎರಡು ರೀಚಾರ್ಜ್ ಸೆಲ್ಲು ಹಾಕಿದರೆ, ಸೆಲ್ಲು ಹೊಸದಾಗಿದ್ದರೂ ದೀಪ ಹತ್ತದೇ ಇರಬಹುದು.

ಇದಕ್ಕೆ ತಿರುಗಾಮುರುಗಾ ದೋಷವೂ ಒಂದಿದೆ. ದಾರಿ ಕಡಿದಿರುವುದಿಲ್ಲ, ಅಡ್ಡದಾರಿ ಬಿದ್ದಿರುತ್ತದೆ. ಪ್ಲಸ್ ತಂತಿಯ ಸಿಪ್ಪೆ ಕಿತ್ತು ಮೈನಸ್ ತಂತಿಗೆ ತಾಗಿದರೆ ಕರೆಂಟು ದೀಪವನ್ನು ಬಿಟ್ಟು ಆ ಸುಲಭದ ಹಾದಿ ಹಿಡಿಯುತ್ತದೆ. ಇದನ್ನೇ ದೊಡ್ಡವರು 'ಶಾರ್ಟ್ ಆಗಿದೆ' ಅನ್ನುವುದು. ಸೆಲ್ಲು ಬಿಸಿಯಾಗಿದ್ದರೆ ಮೊದಲು ಸೆಲ್ಲು ತೆಗೆಯಿರಿ, ಹುಡುಕುವುದು ಆಮೇಲೆ. ದೊಡ್ಡ ಯಂತ್ರದಲ್ಲಾದರೆ ಇಂಥ ಹೊತ್ತಿನಲ್ಲಿ ಫ್ಯೂಸ್ ಹೋಗುತ್ತದೆ. ಅದರೊಳಗಿನ ಸಣ್ಣ ತಂತಿ ಹೆಚ್ಚು ಕರೆಂಟು ಹರಿದರೆ ತಾನೇ ಕರಗಿ ದಾರಿ ಕಡಿಯುತ್ತದೆ. ಫ್ಯೂಸ್ ಹೋಯಿತೆಂದು ದಪ್ಪ ತಂತಿ ಸುತ್ತಿ ಮತ್ತೆ ಹಾಕುವುದನ್ನು ಎಷ್ಟೋ ಕಡೆ ಕಾಣುತ್ತೇವೆ. ಫ್ಯೂಸ್ ಕೆಡಲಿಲ್ಲ ಮಕ್ಕಳೇ, ಬೇರೆಲ್ಲೋ ಕೆಟ್ಟಿದೆ ಎಂದು ಅದು ಹೇಳಿತು. ದಪ್ಪ ತಂತಿ ಹಾಕಿದರೆ ಮುಂದಿನ ಸಲ ಕರಗುವುದು ಕಾಯಿಲ್ಲು, ಇಲ್ಲವೇ ಗೋಡೆಯೊಳಗಿನ ವೈರು.

ಕಾಯಿಲ್ ಅಂದರೆ ಏನು ಎಂದು ನೋಡಲು ಕೋಲಾರ ಜಿಲ್ಲೆಯ ಮಕ್ಕಳು ದೂರ ಹೋಗಬೇಕಿಲ್ಲ. ಇಡೀ ವರ್ಷ ಹರಿಯುವ ನದಿಯಿಲ್ಲದ ಸೀಮೆ ನಮ್ಮದು. ಟೊಮೆಟೊ ತೋಟಕ್ಕೂ ಹಿಪ್ಪುನೇರಳೆಗೂ ಸಾವಿರ ಅಡಿ ಆಳಕ್ಕಿಳಿದ ಬೋರ್‌ವೆಲ್‌ಗಳಿವೆ. ಬೋರಿದ್ದಲ್ಲಿ ಮೋಟರು, ಮೋಟರು ಇದ್ದಲ್ಲಿ ಮೋಟರ್ ವೈಂಡಿಂಗ್ ಅಂಗಡಿ. ಅಂಗಡಿಯ ಬಾಗಿಲಲ್ಲಿ ಗುಡ್ಡೆ ಬಿದ್ದಿರುವ ಹಳೆಯ ತಾಮ್ರದ ತಂತಿಯಲ್ಲಿ ಒಂದು ಚೂರು ಕೇಳಿ ತನ್ನಿ. ಒಂದು ದೊಡ್ಡ ಮೊಳೆಗೆ ಕಾಗದ ಸುತ್ತಿ, ಅದರ ಮೇಲೆ ತಂತಿಯನ್ನು ಒತ್ತೊತ್ತಾಗಿ ನೂರು ಸುತ್ತು ಸುತ್ತಿ, ಎರಡು ತುದಿಗಳನ್ನು ಸೆಲ್ಲಿಗೆ ಮುಟ್ಟಿಸಿದರೆ ಮೊಳೆ ಆಯಸ್ಕಾಂತವಾಗಬೇಕು. ಆಗಲಿಲ್ಲವೇ? ತಂತಿಯ ತುದಿಯನ್ನು ಬಿಸಿಲಿಗೆ ಹಿಡಿದು ನೋಡಿ. ತಾಮ್ರದ ಮೇಲೆ ಜೇನಿನ ಬಣ್ಣದ ತೆಳು ಹೊಳಪು ಕಾಣುತ್ತದೆ. ಅದು ಎನಾಮಲ್, ಕರೆಂಟನ್ನು ಬಿಡದ ಪದರ. ಅದು ಇರುವುದರಿಂದಲೇ ಒಂದು ಸುತ್ತಿನ ಕರೆಂಟು ಪಕ್ಕದ ಸುತ್ತಿಗೆ ಹಾರದೆ ನೂರೂ ಸುತ್ತು ಸುತ್ತಿ ಬರುತ್ತದೆ. ತುದಿಗಳಲ್ಲಿ ಮಾತ್ರ ಅದನ್ನು ಕೆರೆದು ತೆಗೆಯಬೇಕು. ಕೆರೆದು ಮತ್ತೆ ಮುಟ್ಟಿಸಿ: ಗುಂಡುಪಿನ್ನು ಪಟ್ಟನೆ ಅಂಟಿಕೊಳ್ಳುತ್ತದೆ. ತಕ್ಷಣ ಬಿಟ್ಟುಬಿಡಿ, ತಂತಿಯೂ ಸೆಲ್ಲೂ ಬೇಗ ಬಿಸಿಯಾಗುತ್ತವೆ.

ಪಿನ್‌ಬಾಲ್ ಯಂತ್ರದ ಫ್ಲಿಪ್ಪರನ್ನು ಎಳೆಯುವುದು ಇದೇ ಕಾಯಿಲ್ಲು, ದೊಡ್ಡ ಗಾತ್ರದಲ್ಲಿ. ಅದರೊಳಗೆ ಬಹಳ ಚಂದದ ಉಪಾಯವೊಂದಿದೆ. ಗುಂಡನ್ನು ಬಲವಾಗಿ ಹೊಡೆಯಬೇಕಾದರೆ ತುಂಬ ಕರೆಂಟು ಬೇಕು. ಆದರೆ ಆಡುವವರು ಗುಂಡಿಯನ್ನು ಒತ್ತಿಯೇ ಹಿಡಿದುಕೊಂಡರೆ ಅಷ್ಟು ಕರೆಂಟಿಗೆ ಕಾಯಿಲ್ ಸುಟ್ಟುಹೋಗುತ್ತದೆ. ಅದಕ್ಕೆ ಒಂದೇ ಕಾಯಿಲ್ಲಿನಲ್ಲಿ ಎರಡು ವೈಂಡಿಂಗ್, ಅಂದರೆ ತಂತಿಯ ಎರಡು ಬೇರೆ ಸುರುಳಿ, ಮಾಡಿದರು. ದಪ್ಪ ತಂತಿಯದರ ತಡೆ ಸುಮಾರು 4 ಓಮ್. 50 ವೋಲ್ಟ್ ಕೊಟ್ಟರೆ ಅದರಲ್ಲಿ 12 ಆಂಪಿಯರ್‌ಗೂ ಹೆಚ್ಚು ಕರೆಂಟು ಹರಿದು ಕೈಯನ್ನು ರಪ್ಪನೆ ಎಳೆಯುತ್ತದೆ. ಕೈ ಮೇಲೆ ಮುಟ್ಟಿದ ಕೂಡಲೇ ತುದಿಯಲ್ಲಿರುವ ಪುಟ್ಟ ಸ್ವಿಚ್ಚು ತೆರೆದುಕೊಳ್ಳುತ್ತದೆ. ಆಗ ಕರೆಂಟು ನೂರಕ್ಕೂ ಹೆಚ್ಚು ಓಮ್ ತಡೆಯ ಸಣ್ಣ ತಂತಿಯ ವೈಂಡಿಂಗನ್ನೂ ದಾಟಿ ಬರಬೇಕಾಗುತ್ತದೆ, ಅರ್ಧ ಆಂಪಿಯರ್‌ಗೂ ಕಡಿಮೆಯಾಗುತ್ತದೆ. ಎತ್ತಿದ ಕೈಯನ್ನು ಹಿಡಿದಿಡಲು ಅಷ್ಟು ಸಾಕು. ಆ ಪುಟ್ಟ ಸ್ವಿಚ್ಚಿಗೆ ಕೊಳೆ ಹಿಡಿದರೆ ಫ್ಲಿಪ್ಪರಿಗೆ ಬಲವೇ ಇರುವುದಿಲ್ಲ. ಅದು ತೆರೆದುಕೊಳ್ಳದೆ ಅಂಟಿಕೊಂಡರೆ ಸುಟ್ಟ ವಾಸನೆ ಬರುತ್ತದೆ. ಎರಡೂ ಒಂದೇ ಚೂರು ತಗಡಿನ ದೋಷ, ಲಕ್ಷಣ ಮಾತ್ರ ಬೇರೆ ಬೇರೆ. ಎಡಗಡೆಯ ಫ್ಲಿಪ್ಪರ್ ಸೋತಿದ್ದರೆ ಬಲಗಡೆಯದನ್ನು ಅಳೆದು ಹೋಲಿಸುವುದು ರಿಪೇರಿಯವರ ರೂಢಿ. ವೈಂಡಿಂಗ್ ಅಂಗಡಿಯವರೂ ಹೀಗೆಯೇ ಮಾಡುತ್ತಾರೆ: ತ್ರೀಫೇಸ್ ಮೋಟರಿನ ಮೂರು ವೈಂಡಿಂಗುಗಳ ತಡೆಯೂ ಸಮ ಬರಬೇಕು, ಒಂದು ಕಡಿಮೆ ತೋರಿಸಿದರೆ ಅದರೊಳಗೆ ಎನಾಮಲ್ ಸುಟ್ಟು ಸುತ್ತುಗಳು ಒಂದಕ್ಕೊಂದು ಕೂಡಿಕೊಂಡಿವೆ.

ಮೋಟರ್ ಕೋಣೆಯ ಸ್ಟಾರ್ಟರ್ ಡಬ್ಬಿಯಲ್ಲೂ ಒಂದು ಕಾಯಿಲ್ ಇದೆ. ಹಸಿರು ಗುಂಡಿ ಒತ್ತಿದಾಗ 'ಟಕ್' ಅನ್ನುವುದು ಅದೇ, ಕಬ್ಬಿಣದ ತುಂಡನ್ನು ಎಳೆದು ಮೋಟರಿಗೆ ಕರೆಂಟು ಕೂಡಿಸುತ್ತದೆ. ವೋಲ್ಟೇಜು ಇಳಿದ ಹೊತ್ತಿನಲ್ಲಿ 'ಟಕ್' ಬದಲು 'ಗುರ್‌ರ್' ಅನ್ನುವುದನ್ನು ನೀವು ದೂರದಿಂದ ಕೇಳಿರುತ್ತೀರಿ. ನಮ್ಮ ಕರೆಂಟು ಸೆಕೆಂಡಿಗೆ 50 ಸಲ ಹಿಂದೆ ಮುಂದೆ ಆಡುತ್ತದೆ, ಹಾಗಾಗಿ ಕಾಯಿಲ್ಲಿನ ಎಳೆತ ಸೆಕೆಂಡಿಗೆ 100 ಸಲ ಹೆಚ್ಚಿ ಇಳಿಯುತ್ತದೆ. ಎಳೆತ ಸಾಲದೆ ಕಬ್ಬಿಣ ಅರ್ಧದಲ್ಲೇ ನಿಂತು ನಡುಗುತ್ತದೆ. ಹಾಗೆ ನಿಂತಾಗ ಕಾಯಿಲ್ಲು ಕರೆಂಟನ್ನು ತಡೆಯುವ ಶಕ್ತಿ ಕಳೆದುಕೊಂಡು, ಹೆಚ್ಚು ಕರೆಂಟು ಎಳೆದು, ಸುಟ್ಟುಹೋಗುತ್ತದೆ. ಈ ಸದ್ದು ಕೇಳಿದರೆ ಮನೆಯವರಿಗೆ ಹೇಳಿ. ನೀವು ಮಾತ್ರ ಆ ಡಬ್ಬಿಯ ಹತ್ತಿರ ಸುಳಿಯಬೇಡಿ. ಅಲ್ಲಿರುವುದು 415 ವೋಲ್ಟ್, ಕಾಲ ಕೆಳಗೆ ಒದ್ದೆ ನೆಲ. ಮನೆಯ ಗೋಡೆಯ ಪ್ಲಗ್ಗಿನಲ್ಲಿರುವುದು 230 ವೋಲ್ಟ್, ಅದೂ ಜೀವ ತೆಗೆಯುತ್ತದೆ. ಈ ಬರಹದಲ್ಲಿ ನಿಮ್ಮ ಕೈಗೆ ಕೊಟ್ಟಿರುವುದು ಸೆಲ್ಲಿನ ಆಟ ಒಂದೇ.

ಗಣೇಶನ ಪೆಂಡಾಲಿಗೆ ಕಟ್ಟುವ ಸೀರಿಯಲ್ ಸೆಟ್ಟಿನಲ್ಲಿ ಒಂದು ಬಲ್ಬು ಹೋದರೆ ಸಾಲಿಗೆ ಸಾಲೇ ಆರುತ್ತದೆ. ಕರೆಂಟು ಒಂದರಿಂದ ಇನ್ನೊಂದಕ್ಕೆ ದಾಟಿಕೊಂಡೇ ಹೋಗಬೇಕಲ್ಲ. ನಮ್ಮ ಹಲಗೆಯಲ್ಲಿ ಪ್ರತಿ ದೀಪಕ್ಕೂ ಬೇರೆ ದಾರಿ, ಅದಕ್ಕೇ ಒಂದು ಹೋದರೆ ಒಂದೇ. ಆದರೆ ಗೂಡುಗಳು ಜಾಸ್ತಿಯಾದಂತೆ ತಂತಿಯೂ ಜಾಸ್ತಿಯಾಗುತ್ತದೆ. ದೊಡ್ಡ ಪಿನ್‌ಬಾಲ್ ಯಂತ್ರದಲ್ಲಿ ಅರವತ್ತರಷ್ಟು ಸ್ವಿಚ್ಚು ಇರಬಹುದು. 1970ರ ದಶಕದ ಕೊನೆಗೆ ಪಿನ್‌ಬಾಲಿಗೆ ಕಂಪ್ಯೂಟರ್ ಚಿಪ್ಪು ಬಂದಾಗ ಸ್ವಿಚ್ಚುಗಳನ್ನು ಚೌಕಳಿಯಲ್ಲಿ ಜೋಡಿಸತೊಡಗಿದರು. 8 ಅಡ್ಡ ತಂತಿ, 8 ಉದ್ದ ತಂತಿ, ಅವು ಸಂಧಿಸುವ 64 ಜಾಗದಲ್ಲಿ 64 ಸ್ವಿಚ್ಚು. ಚಿಪ್ಪು ಉದ್ದ ತಂತಿಗಳನ್ನು ಒಂದಾದ ಮೇಲೊಂದು ಕಣ್ಣುಮಿಟುಕುವುದಕ್ಕಿಂತ ಬೇಗ ಕೇಳುತ್ತಾ ಹೋಗುತ್ತದೆ: ನಿನ್ನ ಮೇಲೆ ಯಾವ ಅಡ್ಡ ತಂತಿ ಕೂಡಿದೆ? ಹದಿನಾರೇ ತಂತಿಯಲ್ಲಿ ಅರವತ್ತನಾಲ್ಕು ಸುದ್ದಿ!

ಈ ಚೌಕಳಿ ದೋಷವನ್ನೂ ತಾನೇ ತೋರಿಸಿಕೊಡುತ್ತದೆ. ಒಂದು ಸ್ವಿಚ್ಚು ಮಾತ್ರ ಕೆಲಸ ಮಾಡದಿದ್ದರೆ ಆ ಸ್ವಿಚ್ಚನ್ನೇ ನೋಡಿ. ಒಂದು ಅಡ್ಡ ಸಾಲಿನ ಎಂಟೂ ಸತ್ತಿದ್ದರೆ ಎಂಟು ಸ್ವಿಚ್ಚು ಒಟ್ಟಿಗೆ ಕೆಟ್ಟಿರಲಾರವು, ಆ ಸಾಲಿನ ಒಂದು ತಂತಿ ಕಳಚಿದೆ. ಟಿವಿ ರಿಮೋಟಿನ ಗುಂಡಿಗಳೂ ಇದೇ ಲೆಕ್ಕದಲ್ಲಿವೆ. ಇನ್ನು ಒಂದು ವಿಚಿತ್ರ: ಸ್ಲೇಟಿನ ಮೇಲೆ ಚೌಕಳಿ ಬರೆದು, ಒಂದು ಆಯತದ ಮೂರು ಮೂಲೆಗಳಲ್ಲಿ ಸ್ವಿಚ್ಚು ಕೂಡಿದೆ ಎಂದು ಗುರುತು ಹಾಕಿ. ಬೆರಳನ್ನು ತಂತಿಯ ಮೇಲೆ ಓಡಿಸಿದರೆ ಕರೆಂಟು ಆ ಮೂರನ್ನು ಬಳಸಿಕೊಂಡು ನಾಲ್ಕನೇ ಮೂಲೆಯ ತಂತಿಗೂ ತಲುಪಿಬಿಡುತ್ತದೆ. ಯಾರೂ ಮುಟ್ಟದ ಸ್ವಿಚ್ಚು ಒತ್ತಿದಂತೆ ಕಾಣುತ್ತದೆ, ಬಾರದ ಅಂಕ ಬರುತ್ತದೆ. ಇದನ್ನು ತಡೆಯಲು ಪ್ರತಿ ಸ್ವಿಚ್ಚಿಗೂ ಒಂದು ಡಯೋಡ್ ಹಾಕಿರುತ್ತಾರೆ. ಅದು ಕರೆಂಟನ್ನು ಒಂದೇ ದಿಕ್ಕಿಗೆ ಬಿಡುತ್ತದೆ. ಯಂತ್ರ ಇಲ್ಲದ ಗುಂಡನ್ನು ಎಣಿಸತೊಡಗಿದರೆ ಯಾವುದೋ ಡಯೋಡ್ ಹೋಗಿದೆ ಎಂದು ತಿಳಿದವರು ಮೊದಲೇ ಊಹಿಸುತ್ತಾರೆ.

ಅರವತ್ತನಾಲ್ಕು ಎಂದಾಗ ನನಗೆ ಲೈನ್‌ಮ್ಯಾನ್‌ಗಳು ನೆನಪಾಗುತ್ತಾರೆ. ನಮ್ಮ ಜಿಲ್ಲೆಯ ಚಿನ್ನದ ಗಣಿಗೆ 1902ರಲ್ಲಿ ಶಿವನಸಮುದ್ರದಿಂದ ಕರೆಂಟು ಬಂತು, ಸುಮಾರು 147 ಕಿಲೋಮೀಟರ್ ದೂರದ ತಂತಿಯಲ್ಲಿ. ಅಂಥ ಲೈನಿನಲ್ಲಿ ಎಲ್ಲೋ ಒಂದು ಕಡೆ ತೊಂದರೆಯಾದರೆ ಮೊದಲ ಕಂಬದಿಂದ ಶುರುಮಾಡಿ ಒಂದೊಂದನ್ನೇ ನೋಡುತ್ತಾ ಹೋದರೆ ಎಷ್ಟು ಹೊತ್ತು ಬೇಕು ಯೋಚಿಸಿ. ಇವತ್ತು ಮಳೆಗಾಳಿಗೆ ಹಳ್ಳಿಯ ಲೈನು ಹೋದರೆ ಲೈನ್‌ಮ್ಯಾನ್‌ಗಳು ನಡುವಿನ ಕಂಬದ ಮೇಲಿರುವ ದೊಡ್ಡ ಸ್ವಿಚ್ಚನ್ನು ತೆರೆದು, ಮೊದಲರ್ಧಕ್ಕೆ ಮಾತ್ರ ಕರೆಂಟು ಬಿಡಿಸಿ ನೋಡುತ್ತಾರೆ. ಕರೆಂಟು ಹೋಗದೆ ಉಳಿದರೆ ದೋಷ ಆಚೆಯ ಅರ್ಧದಲ್ಲಿದೆ, ಮತ್ತೆ ಟ್ರಿಪ್ ಆಗಿ ಕರೆಂಟು ಹೋದರೆ ಈಚೆಯದರಲ್ಲಿ. 64 ಕಂಬಗಳಲ್ಲಿ ಒಂದರ ಹತ್ತಿರ ದೋಷವಿದ್ದು, ಬೇಕಾದಲ್ಲೆಲ್ಲ ಹೀಗೆ ಭಾಗ ಮಾಡಲು ಸಾಧ್ಯವಿದ್ದರೆ 32, 16, 8, 4, 2, 1: ಆರೇ ಪ್ರಶ್ನೆಯಲ್ಲಿ ಕಂಬ ಸಿಗುತ್ತದೆ. ನಿಮ್ಮ ಹಲಗೆಯಲ್ಲೂ ಪರೀಕ್ಷೆ ದೀಪವನ್ನು ಮೊದಲ ತುದಿಯಿಂದ ಮುಟ್ಟಿಸುವ ಬದಲು ದಾರಿಯ ನಡುವಿಗೆ ಮೊದಲು ಮುಟ್ಟಿಸಿ. ಒಂದು ಸಲಕ್ಕೆ ಒಂದನ್ನೇ ಬದಲಾಯಿಸಿ. ದೀಪವನ್ನೂ ತಂತಿಯನ್ನೂ ಸೆಲ್ಲನ್ನೂ ಒಟ್ಟಿಗೆ ಬದಲಿಸಿದರೆ ಆಟವೇನೋ ನಡೆಯುತ್ತದೆ, ಕೆಟ್ಟದ್ದು ಯಾವುದು ಎಂದು ತಿಳಿಯುವುದಿಲ್ಲ.

ಈಗ ನಿಮಗೊಂದು ಕೆಲಸ. ನಾಲ್ಕು ಗೂಡಿನ ಹಲಗೆ. ಸೆಲ್ಲಿನ ಪ್ಲಸ್ ತಂತಿ 1, 2, 3, 4ನೇ ಗೂಡುಗಳ ಮೊದಲ ಮೊಳೆಗಳನ್ನು ಆ ಕ್ರಮದಲ್ಲೇ ಮುಟ್ಟುತ್ತಾ ಹೋಗುತ್ತದೆ. ಮೈನಸ್ ತಂತಿ ಅದೇ ಕ್ರಮದಲ್ಲಿ ನಾಲ್ಕೂ ದೀಪಗಳ ಗಿಡ್ಡ ಕಾಲನ್ನು ಮುಟ್ಟುತ್ತಾ ಹೋಗುತ್ತದೆ. ಗುಂಡು 1ನೇ ಗೂಡಿಗೆ ಬಿದ್ದರೂ 2ನೆಯದಕ್ಕೆ ಬಿದ್ದರೂ ದೀಪ ಹತ್ತುತ್ತದೆ, 3 ಮತ್ತು 4ರಲ್ಲಿ ಹತ್ತುವುದಿಲ್ಲ. ಆ ಎರಡು ದೀಪಗಳನ್ನು ತೆಗೆದು ಮೊದಲ ಗೂಡಿಗೆ ಹಾಕಿ ನೋಡಿದರೆ ಚೆನ್ನಾಗಿಯೇ ಉರಿಯುತ್ತವೆ. ಗುಂಡು, ಮೊಳೆ ಎಲ್ಲ ಉಜ್ಜಿ ಆಗಿದೆ. ತಂತಿ ಒಂದೇ ಕಡೆ ಕಡಿದಿದೆ ಎಂದಿಟ್ಟುಕೊಳ್ಳಿ. ನಿಮ್ಮ ಕೈಯಲ್ಲಿ ಒಂದು ಮೊಳದ ಒಳ್ಳೆಯ ತಂತಿ ಇದೆ, ಅದರ ಒಂದು ತುದಿಯನ್ನು ಸೆಲ್ಲಿನ ಮೈನಸ್ಸಿಗೆ ಹಿಡಿದಿದ್ದೀರಿ. ಕಡಿದಿರುವುದು ಪ್ಲಸ್ ತಂತಿಯೋ ಮೈನಸ್ ತಂತಿಯೋ ಎಂದು ಒಂದೇ ಸಲ ಮುಟ್ಟಿಸಿ ಹೇಳಬೇಕು. ಇನ್ನೊಂದು ತುದಿಯನ್ನು ಎಲ್ಲಿಗೆ ಮುಟ್ಟಿಸುತ್ತೀರಿ, ಆಗ ಗುಂಡು ಯಾವ ಗೂಡಿನಲ್ಲಿರಬೇಕು?